ಒಂದೇ ಬೀಜೋಕ್ತಿ, ಹಲವು ರೂಪ



ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ಶಿಕ್ಷಕರೊಬ್ಬರ ನೆನಪಿಗಾಗಿ ಅವರ ಮಕ್ಕಳು ಇಟ್ಟ ದತ್ತಿ ಇದು. ಹಾಗಾಗಿ ಉಪನ್ಯಾಸಕ್ಕೂ ಎಂಟನೆಯ, ಒಂಬತ್ತನೆಯ ತರಗತಿಯ ಪಾಠವನ್ನೇ ಆರಿಸಿಕೊಂಡಿದ್ದೇನೆ: ಬೀಜೋಕ್ತಿಗಳನ್ನು ಸಂಕ್ಷೇಪಿಸುವುದು, ಅಪವರ್ತಿಸುವುದು. ಈ ಪಾಠ ಮುಗಿದ ಮೇಲೂ ಬಹಳ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿರುತ್ತದೆ. ಹೋದ ತಿಂಗಳು ಆವರಣ ಬಿಡಿಸಿ ಎಂದರು, ಈ ತಿಂಗಳು ಮತ್ತೆ ಆವರಣ ಹಾಕಿ ಎನ್ನುತ್ತಾರೆ. ಯಾವುದು ಸರಿ? ಬಿಡಿಸಿದ್ದನ್ನು ಮತ್ತೆ ಕಟ್ಟುವುದು ಯಾಕೆ? ಗಣಿತದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ವಯಸ್ಸಿನವರು ಕೇಳಲಾರರು. ಇದಕ್ಕೆ ಉತ್ತರ ಹೇಳದೆ ಮುಂದಿನ ಲೆಕ್ಕಕ್ಕೆ ಹೊರಟಾಗಲೇ ಮಗು ಬೀಜಗಣಿತದಿಂದ ದೂರ ಸರಿಯತೊಡಗುತ್ತದೆ ಎಂಬುದು ನನ್ನ ನಂಬಿಕೆ. ಇಂದಿನ ಮಾತೆಲ್ಲ ಆ ಪ್ರಶ್ನೆಗೆ ಕೊಡುವ ಉತ್ತರ.

ಮೊದಲು ಅಕ್ಷರಗಳ ವಿಚಾರ. ಪಠ್ಯಪುಸ್ತಕದ ಎಕ್ಸ್, ವೈಗಳ ಜಾಗದಲ್ಲಿ ನಾನು ಅ, ಬ ಎಂದು ಬರೆಯುತ್ತೇನೆ. ಕಂಡುಹಿಡಿಯಬೇಕಾದ ಸಂಖ್ಯೆಗೆ ಯಾ ಎಂದು ಹೆಸರಿಡುತ್ತೇನೆ. ಈ ಯಾ ಹಳೆಯದು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಗೊತ್ತಿಲ್ಲದ ಮೊದಲ ಸಂಖ್ಯೆ ಯಾವತ್ತಾವತ್. ಎರಡನೆಯದು ಕಾಲಕ, ಮೂರನೆಯದು ನೀಲಕ, ಹೀಗೆ ಬಣ್ಣಗಳು. ಬರೆಯುವಾಗ ಯಾ, ಕಾ, ನೀ ಎಂದು ಮೊದಲಕ್ಷರ ಮಾತ್ರ. ಋಣ ಸಂಖ್ಯೆಯ ಮೇಲೆ ಒಂದು ಚುಕ್ಕಿ. ಅಕ್ಷರ ಹಿಡಿದು ಲೆಕ್ಕ ಮಾಡುವ ಅಭ್ಯಾಸ ಇಲ್ಲಿ ಅಷ್ಟು ಹಿಂದಿನಿಂದ ಇದೆ.

ಈಗ ಪ್ರಶ್ನೆಗೆ ಬರೋಣ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದು ಚೆಂಡನ್ನು ನೆಲಮಟ್ಟದಿಂದ ನೇರ ಮೇಲಕ್ಕೆ ಎಸೆದಿದ್ದೇವೆ. ಗುರುತ್ವದ ವೇಗೋತ್ಕರ್ಷವನ್ನು ಲೆಕ್ಕದ ಅನುಕೂಲಕ್ಕೆ 10 ಎಂದಿಟ್ಟುಕೊಳ್ಳೋಣ, ಗಾಳಿಯ ತಡೆಯನ್ನು ಬಿಡೋಣ. ಯಾ ಸೆಕೆಂಡುಗಳ ಬಳಿಕ ಚೆಂಡಿನ ಎತ್ತರ ಮೀಟರುಗಳಲ್ಲಿ ಇಷ್ಟು:

20ಯಾ − 5ಯಾ²

ಈ ರೂಪ ಚೆಂಡಿನ ಮೇಲೆ ಏನೇನು ಕೆಲಸ ಮಾಡಿತು ಎಂಬುದನ್ನು ಹೇಳುತ್ತದೆ. ಮೊದಲ ಪದ ಕೈ ಕೊಟ್ಟ ವೇಗದ್ದು, ಎರಡನೆಯದು ಭೂಮಿ ಎಳೆದದ್ದು. ಗುರುತ್ವ ಇಲ್ಲದ ಜಾಗದಲ್ಲಿ ಎಸೆದಿದ್ದರೆ 20ಯಾ ಮಾತ್ರ ಉಳಿಯುತ್ತಿತ್ತು. ಆದರೆ ಚೆಂಡು ಯಾವಾಗ ನೆಲಕ್ಕೆ ಬೀಳುತ್ತದೆ ಎಂದು ಕೇಳಿದರೆ ಉತ್ತರ ಇಲ್ಲಿ ನೇರವಾಗಿ ಕಾಣುವುದಿಲ್ಲ. ಎರಡು ಪದಗಳಿಗೂ ಸಾಮಾನ್ಯವಾದ 5ಯಾ ಹೊರತೆಗೆಯಿರಿ:

5ಯಾ(4 − ಯಾ)

ಎರಡು ಸಂಖ್ಯೆಗಳ ಗುಣಲಬ್ಧ ಸೊನ್ನೆಯಾಗಬೇಕಾದರೆ ಅವುಗಳಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಯಾ ಸೊನ್ನೆ ಎಂದರೆ ಎಸೆದ ಕ್ಷಣ. ಯಾ 4 ಎಂದರೆ ಮರಳಿ ಬಿದ್ದ ಕ್ಷಣ. ಇನ್ನು, ಚೆಂಡು ಎಷ್ಟು ಎತ್ತರಕ್ಕೆ ಹೋಯಿತು? ಅದನ್ನು ತಿಳಿಯಲು ಅದೇ ಬೀಜೋಕ್ತಿಯನ್ನು ಮತ್ತೊಂದು ರೀತಿ ಬರೆಯಬೇಕು:

20 − 5(ಯಾ − 2)²

ವರ್ಗ ಎಂದಿಗೂ ಋಣವಾಗದು. ಆದ್ದರಿಂದ 20ರಿಂದ ಕಳೆಯುವ ಮೊತ್ತ ಕನಿಷ್ಠವೆಂದರೆ ಸೊನ್ನೆ, ಅದೂ ಯಾ 2 ಆದಾಗ. ಚೆಂಡು ಎರಡನೆಯ ಸೆಕೆಂಡಿನ ಕೊನೆಗೆ 20 ಮೀಟರ್ ಮುಟ್ಟಿತು, ಅದಕ್ಕಿಂತ ಮೇಲೆ ಹೋಗಲಿಲ್ಲ.

ಮೂರು ರೂಪಗಳ ಬೆಲೆ ಪ್ರತಿ ಕ್ಷಣದಲ್ಲೂ ಒಂದೇ. ಯಾ 3 ಎಂದು ಹಾಕಿ ನೋಡಿ, ಮೂರರಲ್ಲೂ 15 ಬರುತ್ತದೆ. ಬೆಲೆ ಬದಲಾಗದೆ ರೂಪ ಬದಲಾಗುತ್ತದೆ, ರೂಪ ಬದಲಾದಾಗ ಬೇರೆ ಸಂಗತಿ ಕಣ್ಣಿಗೆ ಬೀಳುತ್ತದೆ. ಯಾವ ರೂಪ ಬೇಕು ಎಂಬುದನ್ನು ನಾವು ಕೇಳುವ ಪ್ರಶ್ನೆ ತೀರ್ಮಾನಿಸುತ್ತದೆ. ಮಗುವಿನ ಪ್ರಶ್ನೆಗೆ ಉತ್ತರ ಇದು, ಮತ್ತು ಇದನ್ನು ಪಾಠದ ಮೊದಲ ದಿನವೇ ಹೇಳಬೇಕು.

ಇದನ್ನು ಹೇಳದೆ ಬರೀ ‘ಸಂಕ್ಷೇಪಿಸಿ’ ಎಂದು ಬರೆದ ಲೆಕ್ಕದ ಬಗ್ಗೆ ನನಗೆ ಅಸಮಾಧಾನವಿದೆ. ಸಂಕ್ಷೇಪ ಎಂದರೆ ಚಿಕ್ಕದು ಎಂದು ಮಗು ತಿಳಿಯುತ್ತದೆ. (ಅ¹⁰⁰ − 1)ನ್ನು (ಅ − 1)ರಿಂದ ಭಾಗಿಸಿ ನೋಡಿ. ಭಾಗಾಕಾರ ನಿಶ್ಶೇಷವಾಗಿ ಮುಗಿಯುತ್ತದೆ, ಉತ್ತರದಲ್ಲಿ ಸರಿಯಾಗಿ ನೂರು ಪದಗಳಿರುತ್ತವೆ: ಅ⁹⁹ + ಅ⁹⁸ ಎಂದು ಶುರುವಾಗಿ 1ರವರೆಗೆ. ಭಾಗಾಕಾರ ಮುಗಿದಿದೆ, ಸಾಲು ಮಾತ್ರ ಪುಟ ತುಂಬುತ್ತದೆ. ಅ 2 ಎಂದಾದಾಗ ಬೆಲೆ ಎಷ್ಟು ಎಂದು ಕೇಳಿದರೆ ಮೊದಲಿನ ರೂಪವೇ ಸಲೀಸು, 2¹⁰⁰ − 1. ಅ 1 ಎಂದಾದಾಗ ಕೇಳಿದರೆ ಮೊದಲಿನ ರೂಪಕ್ಕೆ ಅರ್ಥವೇ ಇಲ್ಲ, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ. ನೂರು ಪದಗಳ ರೂಪ 100 ಎಂದು ಥಟ್ಟನೆ ಹೇಳುತ್ತದೆ. ಇಲ್ಲಿ ಒಂದು ಎಚ್ಚರಿಕೆಯೂ ಇದೆ. (ಅ² − 9)/(ಅ − 3) = ಅ + 3 ಎಂದು ಬರೆಯುವಾಗ ‘ಅ ಎಂಬುದು 3 ಆಗಿರಬಾರದು’ ಎಂದು ಪಕ್ಕದಲ್ಲಿ ಬರೆಯಲೇಬೇಕು. ಎಡಗಡೆಯದು 3ರಲ್ಲಿ ಇಲ್ಲ, ಬಲಗಡೆಯದು ಇದೆ. ಈ ಒಂದು ಸಾಲನ್ನು ಬಿಟ್ಟು ಕಲಿಸಿದರೆ, ಮುಂದೆ ಕಲನಶಾಸ್ತ್ರದ ಬಾಗಿಲಲ್ಲಿ ವಿದ್ಯಾರ್ಥಿ ತೊಡರುತ್ತಾನೆ.

ಸಜಾತಿ ಪದಗಳ ವಿಷಯಕ್ಕೆ ಬರುತ್ತೇನೆ. 3ಅ + 2ಬ + 4ಅ ಎಂದರೆ 7ಅ + 2ಬ. ಇದನ್ನು ಕಲಿಸುವಾಗ ನಮ್ಮಲ್ಲಿ ಬಹಳ ಮಂದಿ ಅ ಎಂದರೆ ಮಾವಿನ ಹಣ್ಣು, ಬ ಎಂದರೆ ಬಾಳೆಹಣ್ಣು ಎನ್ನುತ್ತೇವೆ. ಮಾವಿಗೆ ಬಾಳೆ ಕೂಡಿಸಲಾಗದು ಎಂದು ವಿವರಿಸುತ್ತೇವೆ. ಆ ಪಿರಿಯಡ್ಡಿಗೆ ಕೆಲಸ ಸಾಗುತ್ತದೆ. ಮುಂದಿನ ವಾರ ಅ × ಬ ಬರುತ್ತದೆ. ಮಾವನ್ನು ಬಾಳೆಯಿಂದ ಗುಣಿಸಿದರೆ ಏನು ಬರುತ್ತದೆ? ಅ² ಎಂದರೆ ಮಾವಿನ ವರ್ಗವೇ? ಇಲ್ಲಿಗೆ ಹಣ್ಣು ಕೆಟ್ಟಿತು. ಅಕ್ಷರ ಎಂದೂ ವಸ್ತುವನ್ನು ಸೂಚಿಸುವುದಿಲ್ಲ, ಸಂಖ್ಯೆಯನ್ನು ಸೂಚಿಸುತ್ತದೆ. ಹಣ್ಣೇ ಬೇಕೆಂದರೆ ಅ ಎಂಬುದು ಒಂದು ಮಾವಿನ ಬೆಲೆ ಎನ್ನೋಣ, ಬ ಒಂದು ಬಾಳೆಯ ಬೆಲೆ. ಆಗ 3ಅ + 2ಬ ಎಂಬುದು ಅಂಗಡಿಯಲ್ಲಿ ಕೊಡಬೇಕಾದ ದುಡ್ಡು. ಅದು ಒಂದೇ ಮೊತ್ತ, ಕೂಡಿಸಿಯೇ ಕೊಡುತ್ತೇವೆ. ಬೆಲೆಗಳು ಗೊತ್ತಾಗುವ ತನಕ ಒಂದೇ ಅಂಕಿಯಾಗಿ ಬರೆಯಲಾರೆವು, ಅಷ್ಟೇ. ಭಾಸ್ಕರಾಚಾರ್ಯರ ನಿಯಮವೂ ಹೀಗೇ ಇದೆ: ಒಂದೇ ಜಾತಿಯವನ್ನು ಕೂಡಿಸು, ಕಳೆ, ಬೇರೆ ಜಾತಿಯವನ್ನು ಬೇರೆಯಾಗಿ ನಿಲ್ಲಿಸು. ಬೇರೆ ಬೇರೆ ಬಣ್ಣಗಳ ಗುಣಲಬ್ಧಕ್ಕೆ ಅವರಲ್ಲಿ ಭಾವಿತ ಎಂಬ ಪ್ರತ್ಯೇಕ ಹೆಸರೇ ಇದೆ.

ಅಕ್ಷರ ಎಂದರೆ ಸಂಖ್ಯೆ ಎಂಬುದು ಗಟ್ಟಿಯಾದರೆ ಮಗುವಿನ ಕೈಗೆ ತನ್ನ ಕೆಲಸವನ್ನು ತಾನೇ ಪರೀಕ್ಷಿಸುವ ಸಾಧನ ಸಿಗುತ್ತದೆ. (ಅ + ಬ)² = ಅ² + ಬ² ಎಂದು ಬರೆದ ಹುಡುಗಿಗೆ ತಪ್ಪು ಎನ್ನಬೇಕಾಗಿಲ್ಲ. ಅ 3, ಬ 4 ಎಂದು ಹಾಕಮ್ಮ ಎಂದರೆ ಸಾಕು. ಎಡಕ್ಕೆ 49, ಬಲಕ್ಕೆ 25. ಕಡಿಮೆ ಬಿದ್ದದ್ದು 24. ಈ 24 ಎಲ್ಲಿಗೆ ಹೋಯಿತು? 7ರ ಬದಿಯ ಚೌಕವೊಂದನ್ನು ಬರೆದು 3 ಮತ್ತು 4 ಎಂದು ಎರಡೂ ಬದಿ ಸೀಳಿದರೆ ಒಂದು 3ರ ಚೌಕ, ಒಂದು 4ರ ಚೌಕ, ಜತೆಗೆ 3ಕ್ಕೆ 4ರ ಎರಡು ಆಯತಗಳು ಸಿಗುತ್ತವೆ. ಆ ಎರಡು ಆಯತಗಳೇ 24, ಅದೇ 2ಅಬ.

ಈ ತಪ್ಪು ಅಜಾಗರೂಕತೆಯಿಂದ ಬರುವುದಲ್ಲ ಎಂಬುದನ್ನು ಶಿಕ್ಷಕರು ಗಮನಿಸಬೇಕು. 2(ಅ + ಬ) = 2ಅ + 2ಬ ಎಂದು ನಾವೇ ಕಲಿಸಿದ್ದೇವೆ. (ಅಬ)² = ಅ²ಬ² ಎಂದೂ ಕಲಿಸಿದ್ದೇವೆ. ಗುಣಿಸುವ ಸಂಖ್ಯೆ ಕೂಡಿಕೆಯ ಒಳಗೆ ಹರಡುತ್ತದೆ, ಘಾತ ಗುಣಾಕಾರದ ಒಳಗೆ ಹರಡುತ್ತದೆ. ಎರಡೂ ಸತ್ಯಗಳನ್ನು ಕಂಡ ಮಗು ಘಾತ ಕೂಡಿಕೆಯೊಳಗೂ ಹರಡುತ್ತದೆ ಎಂದು ಊಹಿಸಿತು. ಊಹೆ ಬುದ್ಧಿವಂತಿಕೆಯದೇ, ಸತ್ಯ ಮಾತ್ರ ಅಲ್ಲ. (ಅ + 6)/6 ಎಂಬಲ್ಲಿ ಎರಡು ಆರುಗಳನ್ನೂ ಹೊಡೆದುಹಾಕಿ ಅ ಎಂದು ಬರೆಯುವ ತಪ್ಪೂ ಇದೇ ಬೇರಿನದು. ಛೇದ ಮತ್ತು ಅಂಶಗಳಲ್ಲಿ ಹೊಡೆದುಹಾಕುವ ಹಕ್ಕು ಅಪವರ್ತನಗಳಿಗೆ ಮಾತ್ರ ಉಂಟು, ಪದಗಳಿಗೆ ಇಲ್ಲ. ಒಂದು ಬೀಜೋಕ್ತಿಯನ್ನು ನೋಡಿದ ಕೂಡಲೇ ‘ಇದು ಕಡೆಯಲ್ಲಿ ಮೊತ್ತವೋ, ಗುಣಲಬ್ಧವೋ’ ಎಂದು ಕೇಳುವ ಅಭ್ಯಾಸ ಮಾಡಿಸಿದರೆ ಈ ತಪ್ಪುಗಳಲ್ಲಿ ಹೆಚ್ಚಿನವು ತಾವಾಗಿ ಉದುರುತ್ತವೆ. ಕೊನೆಯದಾಗಿ ಮಾಡಬೇಕಾದ ಕ್ರಿಯೆ ಯಾವುದೋ ಬೀಜೋಕ್ತಿಯ ಜಾತಿ ಅದೇ. ಅಪವರ್ತಿಸುವುದು ಎಂದರೆ ಮೊತ್ತವಾಗಿ ನಿಂತದ್ದನ್ನು ಗುಣಲಬ್ಧವಾಗಿ ನಿಲ್ಲಿಸುವುದು.

ಬಿಡಿಸಿದ ರೂಪ ಕೀಳು, ಕಟ್ಟಿದ ರೂಪ ಮೇಲು ಎಂಬ ಭಾವನೆ ಬರಬಾರದು. ಬಿಡಿಸಿದಾಗ ಮಾತ್ರ ಕಾಣುವ ಸಂಗತಿಗಳಿವೆ. 1000 ರೂಪಾಯಿಯನ್ನು ವರ್ಷಕ್ಕೆ ದ ಎಂಬ ದರದಲ್ಲಿ ಮೂರು ವರ್ಷ ಚಕ್ರಬಡ್ಡಿಗೆ ಇಟ್ಟರೆ ಕೊನೆಗೆ ಸಿಗುವುದು 1000(1 + ದ)³. ಬಿಡಿಸಿದರೆ:

1000 + 3000ದ + 3000ದ² + 1000ದ³

ದರ ನೂರಕ್ಕೆ 10, ಅಂದರೆ ದ = 0.1 ಎನ್ನಿ. ಪದಗಳು ಕ್ರಮವಾಗಿ 1000, 300, 30, 1. ಒಟ್ಟು 1331 ರೂಪಾಯಿ. ಕಟ್ಟಿದ ರೂಪದಲ್ಲಿ 1331 ಎಂಬ ಉತ್ತರ ಬೇಗ ಸಿಕ್ಕಿತು, ಆದರೆ ಅದರ ಒಳಗೇನಿದೆ ಎಂಬುದು ಮುಚ್ಚಿಹೋಯಿತು. ಬಿಡಿಸಿದ ರೂಪದಲ್ಲಿ ಒಂದೊಂದು ಪದವೂ ಮಾತಾಡುತ್ತದೆ: 1000 ಅಸಲು, 300 ಮೂರು ವರ್ಷದ ಸರಳಬಡ್ಡಿ, 30 ಬಡ್ಡಿಯ ಮೇಲಿನ ಬಡ್ಡಿ, ಆ ಕೊನೆಯ 1 ರೂಪಾಯಿ ಬಡ್ಡಿಯ ಬಡ್ಡಿಗೆ ಬಂದ ಬಡ್ಡಿ. ಸಾಲ ತೆಗೆದ ಮನೆಯವರಿಗೆ ಇದು ಗೊತ್ತಿರಬೇಕಾದ ವಿಷಯ. ಹತ್ತರ ಜಾಗದಲ್ಲಿ ನೂರಕ್ಕೆ 40 ಎಂದು ಹಾಕಿ. ಸರಳಬಡ್ಡಿ 1200, ಬಡ್ಡಿಯ ಮೇಲಿನ ಬಡ್ಡಿ 480, ಅದರ ಮೇಲೆ 64. ದರ ನಾಲ್ಕು ಪಟ್ಟಾದಾಗ ಎರಡನೆಯ ಪದ ನಾಲ್ಕು ಪಟ್ಟು ಬೆಳೆಯಿತು, ಮೂರನೆಯದು ಹದಿನಾರು ಪಟ್ಟು, ನಾಲ್ಕನೆಯದು ಅರವತ್ತನಾಲ್ಕು ಪಟ್ಟು. ಚಕ್ರಬಡ್ಡಿ ಯಾಕೆ ಕುತ್ತಿಗೆಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ನನಗೆ ತಿಳಿಯದು. ಪ್ರೌಢಶಾಲೆಯ ನಿತ್ಯಸಮೀಕರಣ ಅದನ್ನು ಹೇಳುತ್ತದೆ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ನಿತ್ಯಸಮೀಕರಣಕ್ಕೆ ಬರುತ್ತೇನೆ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ.

ಅ² − ಬ² = (ಅ + ಬ)(ಅ − ಬ)

ಯಜ್ಞವೇದಿಕೆಗಳ ಅಳತೆಗಾಗಿ ರಚಿತವಾದ ಶುಲ್ಬಸೂತ್ರಗಳಲ್ಲಿ ಬೌಧಾಯನರದು ಬಹಳ ಹಳೆಯದು. ಅದರಲ್ಲಿ ಒಂದು ಆಯತವನ್ನು ಅಷ್ಟೇ ವಿಸ್ತೀರ್ಣದ ಚೌಕವಾಗಿ ಮಾಡುವ ವಿಧಾನವಿದೆ. ಉದ್ದ 9, ಅಗಲ 5ರ ಆಯತ ಎನ್ನಿ. ಅಗಲದಷ್ಟೇ ಬದಿಯ 5ರ ಚೌಕವನ್ನು ಒಂದು ತುದಿಯಲ್ಲಿ ಗುರುತಿಸಿ. ಉಳಿದದ್ದು 4ಕ್ಕೆ 5ರ ತುಂಡು. ಅದನ್ನು ಉದ್ದುದ್ದಕ್ಕೆ ಎರಡು ಸಮಭಾಗ ಮಾಡಿ, 2ಕ್ಕೆ 5ರ ಪಟ್ಟಿಗಳನ್ನು ಚೌಕದ ಎರಡು ಪಕ್ಕಗಳಿಗೆ ಜೋಡಿಸಿ. ಈಗ 7ರ ದೊಡ್ಡ ಚೌಕ ಹೆಚ್ಚುಕಡಿಮೆ ಸಿದ್ಧ, ಒಂದು ಮೂಲೆಯಲ್ಲಿ ಮಾತ್ರ 2ರ ಚಿಕ್ಕ ಚೌಕದಷ್ಟು ಖಾಲಿ. ಎಂದರೆ 9 × 5 = 7² − 2². ಆ ಚಿಕ್ಕ ಚೌಕವನ್ನು ದೊಡ್ಡದರಿಂದ ಕಳೆದು ಒಂದೇ ಚೌಕ ಮಾಡಲು ಹಗ್ಗದಿಂದ ಅಳೆಯುವ ಮತ್ತೊಂದು ಸೂತ್ರ ಅಲ್ಲೇ ಇದೆ. ಕಾಗದ, ಕತ್ತರಿ ಹಿಡಿದು ಯಾವ ಶಾಲೆಯಲ್ಲೂ ಒಂದೇ ಪಿರಿಯಡ್ಡಿನಲ್ಲಿ ಇದನ್ನು ಮಾಡಿಸಬಹುದು.

ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದರು. ಕವಿರಾಜಮಾರ್ಗ ಹುಟ್ಟಿದ್ದೂ ಅದೇ ದೊರೆಯ ಕಾಲದಲ್ಲಿ. ಗಣಿತಸಾರಸಂಗ್ರಹ ಶತಮಾನಗಳ ಕಾಲ ದಕ್ಷಿಣದ ಪಾಠಪುಸ್ತಕವಾಗಿತ್ತು. ವರ್ಗ ಕಂಡುಹಿಡಿಯಲು ಅದು ಹಲವು ದಾರಿಗಳನ್ನು ಕೊಡುತ್ತದೆ. ಒಂದು ಹೀಗೆ: ಸಂಖ್ಯೆಗೆ ಬೇಕಾದ್ದನ್ನು ಕೂಡಿಸು, ಅಷ್ಟನ್ನೇ ಕಳೆ, ಬಂದ ಎರಡನ್ನೂ ಗುಣಿಸು, ಕೂಡಿಸಿದ ಸಂಖ್ಯೆಯ ವರ್ಗವನ್ನು ಸೇರಿಸು. 97ರ ವರ್ಗ ಬೇಕೆ? 3 ಕೂಡಿಸಿದರೆ 100, ಕಳೆದರೆ 94. ಗುಣಲಬ್ಧ 9400, ಅದಕ್ಕೆ 9 ಸೇರಿಸಿದರೆ 9409. ಕಾಗದ ಬೇಕಿಲ್ಲ. ಇನ್ನೊಂದು ದಾರಿ, 1ರಿಂದ ಶುರುವಾಗಿ ಎರಡೆರಡು ಏರುವ ಶ್ರೇಢಿಯ ಮೊತ್ತ: 5ರ ವರ್ಗ 1 + 3 + 5 + 7 + 9. ಎರಡು ದಾರಿಗಳೂ ಮೇಲೆ ಬರೆದ ನಿತ್ಯಸಮೀಕರಣದಿಂದಲೇ ಹೊರಡುತ್ತವೆ. ಒಂದರ ಪಕ್ಕ ಒಂದಿರುವ ಎರಡು ಸಂಖ್ಯೆಗಳ ವ್ಯತ್ಯಾಸ 1. ಹಾಗಾಗಿ ಅವುಗಳ ವರ್ಗಗಳ ವ್ಯತ್ಯಾಸ ಎಂದರೆ ಅವುಗಳ ಮೊತ್ತವೇ, ಅದು ಯಾವಾಗಲೂ ಬೆಸ ಸಂಖ್ಯೆ. ಮಹಾವೀರಾಚಾರ್ಯರ ಬಳಿಕ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ವ್ಯವಹಾರಗಣಿತವನ್ನು ಕನ್ನಡದಲ್ಲೇ ಬರೆದ. ನಮ್ಮ ಭಾಷೆಗೆ ಲೆಕ್ಕ ಹೊಸದಲ್ಲ ಎಂಬುದನ್ನು ಕನ್ನಡ ಮಾಧ್ಯಮದ ಮಕ್ಕಳು ಪಾಠದ ಜತೆಗೇ ಕೇಳಬೇಕು.

ಮಹಾವೀರಾಚಾರ್ಯರು ಈ ಸೂತ್ರವನ್ನು ಗುಣಿಸಲು ಬಳಸಿದರು. ಫ್ರಾನ್ಸಿನ ಪಿಯರ್ ದ ಫರ್ಮಾ 1643ರಲ್ಲಿ ಬರೆದ ಪತ್ರವೊಂದರಲ್ಲಿ ಅದನ್ನು ಒಡೆಯಲು ಬಳಸಿದ. ಅವನು ತೆಗೆದುಕೊಂಡ ಸಂಖ್ಯೆ 2027651281. ಇದರ ಅಪವರ್ತನಗಳು ಯಾವುವು? 3, 5, 7, 11 ಎಂದು ಅವಿಭಾಜ್ಯ ಸಂಖ್ಯೆಗಳಿಂದ ಸಾಲಾಗಿ ಭಾಗಿಸುತ್ತ ಹೋದರೆ ನಾಲ್ಕು ಸಾವಿರಕ್ಕೂ ಹೆಚ್ಚು ಭಾಗಾಕಾರ ಮಾಡಬೇಕು. ಫರ್ಮಾ ಬೇರೆ ದಾರಿ ಹಿಡಿದ. ಈ ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಲು ಸಾಧ್ಯವಾದರೆ ಅಪವರ್ತನ ಕೈಯಲ್ಲೇ ಇದ್ದಂತೆ. ಇದರ ವರ್ಗಮೂಲ 45029ಕ್ಕಿಂತ ತುಸು ಹೆಚ್ಚು. ಆದ್ದರಿಂದ 45030ರಿಂದ ಶುರು: ಅದರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದಾಗ ಉಳಿದದ್ದು ಪೂರ್ಣವರ್ಗವೆ? ಅಲ್ಲ. 45031? ಅಲ್ಲ. ಹೀಗೆ ಹನ್ನೆರಡನೆಯ ಯತ್ನದಲ್ಲಿ, 45041ರಲ್ಲಿ, ಉಳಿದದ್ದು 1040400. ಅದು 1020ರ ವರ್ಗ. ಹಾಗಾದರೆ ಸಂಖ್ಯೆ (45041 + 1020)(45041 − 1020), ಅಂದರೆ 46061 × 44021. ನಾಲ್ಕು ಸಾವಿರ ಭಾಗಾಕಾರದ ಜಾಗದಲ್ಲಿ ಹನ್ನೆರಡು ಕಳೆಯುವ ಲೆಕ್ಕ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದುದರಿಂದ ಇಷ್ಟು ಬೇಗ ಸಿಕ್ಕಿತು ಎಂಬುದೂ ನಿಜ. ಇಂದು ಗೂಢಲಿಪಿಗಾಗಿ ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಆರಿಸುವವರು ಅವು ತೀರ ಹತ್ತಿರ ಇರದಂತೆ ನೋಡಿಕೊಳ್ಳುತ್ತಾರೆ. ಹತ್ತಿರವಿದ್ದರೆ ಫರ್ಮಾನ ಇದೇ ಲೆಕ್ಕ ಅವನ್ನು ಒಡೆದುಬಿಡುತ್ತದೆ.

ತ್ರಿಪದೋಕ್ತಿಗಳಿಗೆ ಬಂದಾಗ ಮಧ್ಯಪದ ವಿಭಜನೆ ಎಂಬ ಕ್ರಮವನ್ನು ಎಲ್ಲರೂ ಕಲಿಸುತ್ತಾರೆ. 6ಯಾ² + 17ಯಾ + 12 ಎಂಬಲ್ಲಿ 6ನ್ನೂ 12ನ್ನೂ ಗುಣಿಸಿ 72 ಮಾಡಿ. ಗುಣಲಬ್ಧ 72, ಮೊತ್ತ 17 ಬರುವ ಎರಡು ಸಂಖ್ಯೆ ಹುಡುಕಿ, 8 ಮತ್ತು 9. ಮಧ್ಯಪದವನ್ನು ಹಾಗೆ ಒಡೆದು ಎರಡೆರಡು ಪದಗಳನ್ನು ಗುಂಪು ಮಾಡಿ:

6ಯಾ² + 8ಯಾ + 9ಯಾ + 12 = 2ಯಾ(3ಯಾ + 4) + 3(3ಯಾ + 4) = (3ಯಾ + 4)(2ಯಾ + 3)

ಮಕ್ಕಳು ಇದನ್ನು ಚೆನ್ನಾಗಿಯೇ ಮಾಡುತ್ತಾರೆ. ಆದರೆ 6ನ್ನೂ 12ನ್ನೂ ಯಾಕೆ ಗುಣಿಸಬೇಕು ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಕಾರಣ ಎರಡು ಸಾಲಿನದು. ಉತ್ತರದಿಂದ ಹಿಂದಕ್ಕೆ ಬನ್ನಿ. ಆವರಣ ಬಿಡಿಸುವಾಗ ಮಧ್ಯಪದಕ್ಕೆ ಎರಡು ತುಂಡುಗಳು ಬಂದವು: 3 × 3 = 9, 4 × 2 = 8. ಈ ತುಂಡುಗಳನ್ನು ಪರಸ್ಪರ ಗುಣಿಸಿದರೆ 3, 3, 4, 2 ಎಂಬ ನಾಲ್ಕು ಸಂಖ್ಯೆಗಳ ಗುಣಲಬ್ಧ. ಮೊದಲ ಸಹಗುಣಕ 6 ಎಂದರೆ 3 × 2, ಕೊನೆಯ 12 ಎಂದರೆ 4 × 3. ಇವನ್ನು ಗುಣಿಸಿದರೂ ಅದೇ ನಾಲ್ಕು ಸಂಖ್ಯೆಗಳು, ಕ್ರಮ ಮಾತ್ರ ಬೇರೆ. ಆದ್ದರಿಂದ ತುಂಡುಗಳ ಗುಣಲಬ್ಧ ಎಂದೂ ತುದಿಗಳ ಗುಣಲಬ್ಧಕ್ಕೆ ಸಮ. ಇಷ್ಟನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದರೆ ಬಾಯಿಪಾಠದ ಉಪಾಯ ಅರ್ಥವಿರುವ ಹೆಜ್ಜೆಯಾಗುತ್ತದೆ. ತೋರಿಸಲು ಐದು ನಿಮಿಷ ಸಾಕು. ಪಾಠ ಮುಗಿಸುವ ಅವಸರದಲ್ಲಿ ಆ ಐದು ನಿಮಿಷವನ್ನು ಬಿಡಬೇಡಿ ಎಂದು ಇಲ್ಲಿರುವ ಶಿಕ್ಷಕರಲ್ಲಿ ಕೈಮುಗಿದು ಕೇಳುತ್ತೇನೆ.

ಅಪವರ್ತಿಸಿದ ಮೇಲೆ ಸಿಕ್ಕ ಬೆಲೆಗಳನ್ನು ಏನು ಮಾಡಬೇಕು ಎಂಬುದಕ್ಕೆ ಭಾಸ್ಕರಾಚಾರ್ಯರ ಕಪಿಗಳ ಎರಡು ಲೆಕ್ಕಗಳಿವೆ. ಮೊದಲನೆಯದರಲ್ಲಿ, ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ. ಸಮೀಕರಣ ಯಾ² − 64ಯಾ + 768 = 0 ಎಂದಾಗುತ್ತದೆ. ಅಪವರ್ತಿಸಿದರೆ (ಯಾ − 16)(ಯಾ − 48) = 0. ಹಿಂಡಿನಲ್ಲಿ 16 ಕಪಿಗಳಿದ್ದರೂ ಸರಿ, 48 ಇದ್ದರೂ ಸರಿ. ಅವರು ಎರಡನ್ನೂ ಒಪ್ಪುತ್ತಾರೆ. ಎರಡನೆಯ ಲೆಕ್ಕದಲ್ಲಿ, ಹಿಂಡಿನ ಐದನೆಯ ಒಂದು ಭಾಗದಲ್ಲಿ 3 ಕಳೆದು ಬಂದದ್ದರ ವರ್ಗದಷ್ಟು ಕಪಿಗಳು ಗುಹೆಗೆ ಹೋದವು, ಒಂದು ಹೊರಗೆ ಕಾಣುತ್ತಿದೆ. ಅದು (ಯಾ − 50)(ಯಾ − 5) = 0 ಎಂದಾಗುತ್ತದೆ. ಇಲ್ಲಿ ಅವರು 50ನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಹಿಂಡು 5 ಎಂದಾದರೆ ಅದರ ಐದನೆಯ ಒಂದು ಭಾಗ 1, ಅದರಿಂದ 3 ಕಳೆದರೆ ಋಣ 2. ಅಷ್ಟು ಕಪಿಗಳೆಂದರೆ ಜನ ಒಪ್ಪುವುದಿಲ್ಲ ಎಂಬುದು ಅವರು ಕೊಡುವ ಕಾರಣ. ಅಪವರ್ತನ ಬೆಲೆಗಳನ್ನು ಮುಂದಿಡುತ್ತದೆ, ಯಾವುದನ್ನು ತೆಗೆದುಕೊಳ್ಳಬೇಕೆಂದು ಲೆಕ್ಕದ ಸಂದರ್ಭ ಹೇಳುತ್ತದೆ.

ಒಡೆಯುವ ಸಂಖ್ಯೆಗಳು ಕಣ್ಣಿಗೆ ಕಾಣದಿದ್ದಾಗ ಶ್ರೀಧರಾಚಾರ್ಯರ ವಿಧಾನವಿದೆ. ಅದು ಭಾಸ್ಕರಾಚಾರ್ಯರು ಉದ್ಧರಿಸಿದ್ದರಿಂದ ನಮಗೆ ಉಳಿದು ಬಂದಿದೆ. 2ಯಾ² + 7ಯಾ = 15 ಎನ್ನಿ. ವರ್ಗದ ಸಹಗುಣಕದ ನಾಲ್ಕು ಪಟ್ಟಿನಿಂದ, ಅಂದರೆ 8ರಿಂದ, ಎರಡೂ ಕಡೆ ಗುಣಿಸಿ. ಮಧ್ಯದ ಸಹಗುಣಕದ ವರ್ಗ 49 ಕೂಡಿಸಿ. 16ಯಾ² + 56ಯಾ + 49 = 169. ಎಡಗಡೆ (4ಯಾ + 7)², ಬಲಗಡೆ 13². ಭಿನ್ನರಾಶಿಯ ಗೋಜಿಲ್ಲದೆ ವರ್ಗ ಪೂರ್ಣವಾಯಿತು, ಯಾ ಒಂದೂವರೆ ಎಂದು ಬಂತು, ಋಣ 13 ಹಿಡಿದರೆ ಋಣ 5. ನಮ್ಮ ಪಠ್ಯದಲ್ಲಿ ಅರ್ಧ, ಕಾಲುಗಳನ್ನು ಹೊತ್ತು ಮಾಡುವ ವರ್ಗಪೂರ್ಣತೆಗಿಂತ ಇದು ಹಗುರ.

ವರ್ಗ ಪೂರ್ಣಗೊಳಿಸುವ ಇದೇ ಯುಕ್ತಿ ದೊಡ್ಡವರ ಕಣ್ಣಿಗೂ ಬೀಳದೆ ಹೋಗಿದೆ. ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ 1702ರಲ್ಲಿ ಅ⁴ + ಬ⁴ ಎಂಬುದನ್ನು ವಾಸ್ತವ ಸಂಖ್ಯೆಗಳಲ್ಲಿ ಎರಡು ವರ್ಗ ಬಹುಪದೋಕ್ತಿಗಳಾಗಿ ಒಡೆಯಲಾಗದು ಎಂದು ಬರೆದ. ಒಡೆಯಬಹುದು. 2ಅ²ಬ² ಕೂಡಿಸಿ, ಅಷ್ಟನ್ನೇ ಕಳೆಯಿರಿ:

(ಅ² + ಬ²)² − 2ಅ²ಬ² = (ಅ² + ಬ² + √2 ಅಬ)(ಅ² + ಬ² − √2 ಅಬ)

ಮತ್ತೆ ವರ್ಗಗಳ ವ್ಯತ್ಯಾಸವೇ. ಪೂರ್ಣಾಂಕಗಳಲ್ಲೇ ಇದರ ಸೊಗಸಾದ ರೂಪ ಬೇಕೆಂದರೆ ಅ⁴ + 4 ನೋಡಿ. (ಅ² + 2)² − (2ಅ)² ಎಂದು ಬರೆದರೆ (ಅ² + 2ಅ + 2)(ಅ² − 2ಅ + 2). ಅ⁴ + 4ಬ⁴ ಎಂಬ ಇದರ ಸಾಮಾನ್ಯ ರೂಪಕ್ಕೆ ಫ್ರೆಂಚ್ ಗಣಿತಜ್ಞೆ ಸೋಫಿ ಜರ್ಮೇನ್ ಅವರ ಹೆಸರಿದೆ. ಅ 10 ಎಂದಾದರೆ 10004 = 122 × 82. ಅ ಎಂಬುದು 1ಕ್ಕಿಂತ ದೊಡ್ಡ ಯಾವ ಪೂರ್ಣಾಂಕವಾದರೂ ಅ⁴ + 4 ಅವಿಭಾಜ್ಯವಾಗಲಾರದು. ಕೋಟಿಗಟ್ಟಲೆ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಿದರೂ ಸಿಗದ ಖಚಿತತೆಯನ್ನು ಒಂದು ಸಾಲಿನ ಅಪವರ್ತನ ಕೊಟ್ಟಿತು.

ಕಂಪ್ಯೂಟರು ಇದೆಲ್ಲವನ್ನೂ ಮಾಡುವಾಗ ಮಕ್ಕಳು ಯಾಕೆ ಮಾಡಬೇಕು ಎಂದು ಪೋಷಕರು ಕೇಳುತ್ತಾರೆ. ನಿಜ, ಬಹುಪದೋಕ್ತಿಗಳನ್ನು ಅಪವರ್ತಿಸುವುದು ಯಂತ್ರಕ್ಕೆ ಸುಲಭ. ಭಾಗಲಬ್ಧ ಸಹಗುಣಕಗಳ ಬಹುಪದೋಕ್ತಿಯನ್ನು ದಕ್ಷವಾಗಿ ಒಡೆಯುವ ವಿಧಾನವನ್ನು ಲೆನ್‌ಸ್ಟ್ರಾ ಸಹೋದರರಿಬ್ಬರೂ ಲೊವಾಸ್ ಅವರೂ 1982ರಲ್ಲಿ ಪ್ರಕಟಿಸಿದರು. ವಿಚಿತ್ರವೆಂದರೆ ಸಾದಾ ಪೂರ್ಣಾಂಕಗಳಿಗೆ ಇಂಥ ದಕ್ಷ ವಿಧಾನ ಈಗ ಬಳಕೆಯಲ್ಲಿರುವ ಕಂಪ್ಯೂಟರುಗಳ ಕೈಗೆ ಸಿಕ್ಕಿಲ್ಲ. ರಿವೆಸ್ಟ್, ಶಮೀರ್, ಆಡಲ್‌ಮನ್ 1977ರಲ್ಲಿ ರೂಪಿಸಿದ ಗೂಢಲಿಪಿ ಆ ಕಷ್ಟದ ಮೇಲೆಯೇ ನಿಂತಿದೆ; ಅದರಲ್ಲಿ ಇಂದು ಸಾಮಾನ್ಯವಾಗಿ ಬಳಸುವ 2048 ಬಿಟ್‌ಗಳ ಸಂಖ್ಯೆಗೆ 617 ಅಂಕಿಗಳಿರುತ್ತವೆ. ಗುಣಿಸುವುದು ಕ್ಷಣದ ಕೆಲಸ, ಒಡೆಯುವುದು ಅಸಾಧ್ಯಕ್ಕೆ ಸಮೀಪ. ಪೋಷಕರಿಗೆ ನನ್ನ ಉತ್ತರ ಇದು: ಯಂತ್ರಕ್ಕೆ ಬಿಡಿಸು ಎಂದರೆ ಬಿಡಿಸುತ್ತದೆ, ಕಟ್ಟು ಎಂದರೆ ಕಟ್ಟುತ್ತದೆ. ಯಾವುದನ್ನು, ಎಷ್ಟು, ಯಾವಾಗ ಎಂದು ಹೇಳಬೇಕಾದವರು ನಾವು. ಆ ವಿವೇಚನೆ ಕೈಯಿಂದ ಲೆಕ್ಕ ಮಾಡಿದವರಿಗೆ ಬರುತ್ತದೆ.

ಅದಕ್ಕೊಂದು ಉದಾಹರಣೆ ಕೊಟ್ಟು ಮುಗಿಸುತ್ತೇನೆ. ಸಾಲಾಗಿ ಬರುವ ಯಾವುದೇ ನಾಲ್ಕು ಸಂಖ್ಯೆಗಳನ್ನು ಗುಣಿಸಿ 1 ಕೂಡಿಸಿ. 1 × 2 × 3 × 4 + 1 = 25. 2 × 3 × 4 × 5 + 1 = 121. 10 × 11 × 12 × 13 + 1 = 17161. ಎಲ್ಲವೂ ಪೂರ್ಣವರ್ಗಗಳು: 5, 11, 131ರ ವರ್ಗಗಳು. ಯಾವಾಗಲೂ ಹೀಗೆಯೇ? ಸಂಖ್ಯೆಗಳು ಯಾ, ಯಾ + 1, ಯಾ + 2, ಯಾ + 3 ಎನ್ನಿ. ಎಲ್ಲವನ್ನೂ ಬಿಡಿಸಿದರೆ ಯಾ⁴ + 6ಯಾ³ + 11ಯಾ² + 6ಯಾ + 1 ಬರುತ್ತದೆ, ಅದನ್ನು ನೋಡಿದರೆ ವರ್ಗ ಎಂದು ಹೊಳೆಯುವುದು ಕಷ್ಟ. ಏನೂ ಬಿಡಿಸದಿದ್ದರೂ ಹೊಳೆಯದು. ತುದಿಯ ಎರಡನ್ನು ಮಾತ್ರ ಗುಣಿಸಿ: ಯಾ² + 3ಯಾ. ನಡುವಿನ ಎರಡನ್ನು ಮಾತ್ರ ಗುಣಿಸಿ: ಯಾ² + 3ಯಾ + 2. ಯಾ² + 3ಯಾ ಎಂಬುದನ್ನು ಇಡಿಯಾಗಿ ಅ ಎಂದು ಕರೆಯಿರಿ, ಒಳಗೆ ಕೈಹಾಕಬೇಡಿ. ಈಗ ಇರುವುದು ಅ(ಅ + 2) + 1, ಅಂದರೆ ಅ² + 2ಅ + 1, ಅಂದರೆ (ಅ + 1)². ಅರ್ಧ ಬಿಡಿಸಿ, ಅಲ್ಲಿಗೆ ನಿಲ್ಲಿಸಿ, ಮತ್ತೆ ಕಟ್ಟಿದಾಗ ಉತ್ತರ ಸಿಕ್ಕಿತು.

ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದರ ಮುಂದಿನ ಲೆಕ್ಕ ಬಿಟ್ಟಿದ್ದೇನೆ. ಸಾಲಾಗಿ ನಾಲ್ಕು ಬೆಸ ಸಂಖ್ಯೆಗಳನ್ನು ತೆಗೆದುಕೊಂಡರೆ 1ರ ಬದಲು 16 ಕೂಡಿಸಬೇಕು: 1 × 3 × 5 × 7 + 16 = 121. ಮೂರು ಮೂರು ಏರುವ ನಾಲ್ಕು ಸಂಖ್ಯೆಗಳಾದರೆ ಎಷ್ಟು ಕೂಡಿಸಬೇಕು, ಯಾಕೆ?